ಸೊಂಟವಿದ್ದ ಜಾಗದಲ್ಲಿ ಸಿದ್ದಪ್ಪನ ಪಾದ

ಆ ಹಾಡು ಬಂದ ಹೊಸದರಲ್ಲಿ ನಾನು ಅದನ್ನು ಬೈದದ್ದೇ ಬೈದದ್ದು. ಮಧುಗಿರಿಯಲ್ಲಿ ಅದು ಕೇಳದ ಜಾಗವೇ ಇರಲಿಲ್ಲ. ಹಿಟ್ಟಿನ ಗಿರಣಿಗೆ ಹೋದರೆ ಅದೇ, ಆಟೊ ಹತ್ತಿದರೆ ಅದೇ. 'ಗಿಲ್ಕ ಗಿಲ್ಕ ಚಮ್ಕಣಕ, ಡಮ್ಮ ಡಮ್ಮ ಡಮ್ಕಣಕ' ಎಂಬುದು ಮೊದಲ ಸಾಲು. ಉಳಿದದ್ದು ಅರ್ಧ ತೆಲುಗು, ಅರ್ಧ ಇಂಗ್ಲಿಷು, ನಡುನಡುವೆ ಒಬ್ಬನ ಏದುಸಿರು. ಇದನ್ನು ಬರೆಯಲು ಒಬ್ಬ ಮನುಷ್ಯ ಪೆನ್ನು ಹಿಡಿದು ಕೂತಿದ್ದನೇ ಎಂದು ನನಗೆ ಆಶ್ಚರ್ಯ.

ಆದರೆ ರಾಗ! ಸುಳ್ಳು ಹೇಳಬಾರದು. ಮುದ್ದೆ ತಿರುವುವಾಗ ಕೋಲು ತಾನೇ ಆ ತಾಳಕ್ಕೆ ತಿರುಗುತ್ತಿತ್ತು. ಮುದ್ದೆ ಗಂಟಾಗದೆ ಬರುತ್ತಿತ್ತು, ಅದಕ್ಕೂ ದೇವರಿಗೊಂದು ಕೈ ಮುಗಿದೆ.

ನಮ್ಮ ಬೀದಿಯ ಹೆಂಗಸರು ಶನಿವಾರ ಸಂಜೆ ಆಂಜನೇಯನ ಗುಡಿಯಲ್ಲಿ ಭಜನೆ ಮಾಡುತ್ತೇವೆ. ನಮಗೆ ಸಂಗೀತ ಕಲಿಸಿದವರಿಲ್ಲ. ಯಾವುದಾದರೂ ಸಿನಿಮಾ ಹಾಡಿನ ರಾಗ ಹಿಡಿದು, ಅದರ ಮಾತು ತೆಗೆದು, ದೇವರ ಮಾತು ಕೂರಿಸುವುದು ನಮ್ಮ ಪದ್ಧತಿ. ತಾಳ ಹಿಡಿದು ಪದ ಎತ್ತುವವರು ಕೊನೆಯ ಮನೆಯ ದೊಡ್ಡಮ್ಮ. ಅವರು ಹೇಳಿದ ಸಾಲನ್ನು ನಾವು ಹಿಂದಿನಿಂದ ಹೇಳುತ್ತೇವೆ. ಮದುವೆಯಾಗಿ ಬಂದಾಗಿನಿಂದ ನಾನು ಹಿಂದಿನವಳೇ. ಒಂದು ಸಲವಾದರೂ ಮುಂದೆ ಕೂತು ಪದ ಎತ್ತಬೇಕೆಂಬ ಆಸೆಯನ್ನು ಯಾರಿಗೂ ಹೇಳಿರಲಿಲ್ಲ.

ಕಾರ್ತಿಕ ಸೋಮವಾರಕ್ಕೆ ಸಿದ್ದಪ್ಪನ ಗವಿಗುಡಿಯಿರುವ ಸಿದ್ದರಬೆಟ್ಟಕ್ಕೆ ಹೋಗುವುದೆಂದಾದಾಗ ದೊಡ್ಡಮ್ಮನೇ ಅಂದರು: "ನಂಗೆ ಉಸ್ರು ಸಾಲಕಿಲ್ಲ ಕಣಮ್ಮ. ಈ ಸಲ ಬೆಟ್ಟದಾಗೆ ಹೊಸ ಪದ ನೀನೇ ಕಟ್ಟು, ನೀನೇ ಎತ್ತು. ಸರಿಹೋದ್ರೆ ಇನ್ಮೇಲೆ ತಾಳ ನಿನ್ ಕೈಗೆ."

ಅವತ್ತು ಸಾರಿಗೆ ಎರಡು ಸಲ ಉಪ್ಪು ಬಿತ್ತು.

ನನ್ನ ಲೆಕ್ಕ ಇಷ್ಟೇ. ಆ ಹಾಡಿಗೆ ಅರ್ಥವಿಲ್ಲ, ಅಂದರೆ ಅದು ಖಾಲಿ ಪಾತ್ರೆ. ತೊಳೆಯುವ ಕೆಲಸವೂ ಇಲ್ಲ, ದೇವರ ಹೆಸರು ತುಂಬಿದರಾಯಿತು. 'ಗವಿಯ ಒಳಗೆ ಸಿದ್ದಪ್ಪ, ಗಂಗೆ ಕೊಟ್ಟ ಸಿದ್ದಪ್ಪ, ನಿನ್ನ ಪಾದ ಹಿಡಿದೆವಪ್ಪ, ಬಿಡೆವು ಬಿಡೆವು ಸಿದ್ದಪ್ಪ.' ನಮ್ಮವರು ಒಂದೇ ಸಂಜೆಗೆ ಕಲಿತುಬಿಟ್ಟರು.

ಹೊರಡುವ ಬೆಳಿಗ್ಗೆ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡುತ್ತಾ ಗುನುಗುತ್ತಿದ್ದೆ. ಕಾಲೇಜಿಗೆ ಹೊರಟಿದ್ದ ಮಗಳು ಬಾಗಿಲಲ್ಲೇ ನಿಂತಳು.

"ಅಮ್ಮಾ, ಇದನ್ನ ದೇವಸ್ಥಾನದಲ್ಲಿ ಹಾಡ್ತೀಯಾ?"

"ಯಾಕೆ? ಅರ್ಥ ಇಲ್ದಿರೋ ಹಾಡು ತಾನೆ."

"ಅರ್ಥ ಇಲ್ದಿರೋದು ಮೊದಲನೇ ಸಾಲಿಗೆ ಮಾತ್ರ. ಮಿಕ್ಕಿದ್ದಕ್ಕೂ ಇಲ್ದಿದ್ರೆ ಚೆನ್ನಾಗಿರ್ತಿತ್ತು."

"ಅಂಗಂದ್ರೆ?"

"ನೀನು ಸಿದ್ದಪ್ಪನ ಪಾದ ಹಿಡಿತೀಯಲ್ಲ, ಅಲ್ಲಿ ಆ ಹಾಡಿನವನು ಹಿಡಿಯೋದು ಒಬ್ಳ ಸೊಂಟ."

ನಿಂಬೆಹಣ್ಣು ಕೈ ಜಾರಿ ಒಲೆಯ ಕೆಳಗೆ ಉರುಳಿತು. "ಮತ್ತೆ, ಗವಿ ಇರೋ ಕಡೆ?"

"ಅದನ್ನ ಕೇಳ್ಬೇಡಮ್ಮ."

ಅಷ್ಟರಲ್ಲಿ ವ್ಯಾನು ಬಂದು ಹಾರ್ನ್ ಹೊಡೆಯಿತು. ಬೇರೆ ಪದ ಕಟ್ಟಲು ಸಮಯವಿಲ್ಲ. ಹಾಡಿದರೆ ದೇವರ ಮುಂದೆ ಮಾನ ಹೋಗುತ್ತದೆ, ಹಾಡದಿದ್ದರೆ ತಾಳ ಹೋಗುತ್ತದೆ. ಬೆವರುತ್ತಾ ಕಿಟಕಿಯ ಪಕ್ಕ ಕೂತೆ. ಕಿಟಕಿ ಸಿಕ್ಕಿತ್ತು, ಅಷ್ಟು ಪುಣ್ಯ.

ಕೊರಟಗೆರೆ ದಾಟುತ್ತಲೇ ಡ್ರೈವರು ಅದೇ ಹಾಡು ಹಾಕಿದ. ನಮ್ಮವರಿಗೆ ಸಂಭ್ರಮವೋ ಸಂಭ್ರಮ.

"ಅಯ್ಯೋ, ನಮ್ ಸಿದ್ದಪ್ಪನ್ ಪದ! ಜೋರು ಮಾಡಣ್ಣೋ!"

ಅವನು ಪಾವಗಡದ ಕಡೆಯವನು, ತೆಲುಗು ಬಲ್ಲವನು. ಕನ್ನಡಿಯಲ್ಲಿ ನಮ್ಮನ್ನು ನೋಡಿದ. "ಸಿದ್ದಪ್ಪನ ಪದವಾ? ಏಮಕ್ಕಾ, ಇದು ಯಾವಾಗಿಂದ?"

ಎಲ್ಲರೂ ಆಗಲೇ ಹಾಡುತ್ತಿದ್ದರು. ಹಾಡಿನವನು ಸೊಂಟ ಹಿಡಿದಾಗಲೆಲ್ಲ ಇವರು ಪಾದ ಹಿಡಿದರು. ಡ್ರೈವರನ ಭುಜ ಕುಲುಕುತ್ತಿತ್ತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಳುವೋ ನಗುವೋ ನನಗೇ ಗೊತ್ತಾಗಲಿಲ್ಲ.

ಬೆಟ್ಟದ ಮೆಟ್ಟಿಲಿನಲ್ಲಿ ದೊಡ್ಡಮ್ಮ ದಣಿವಾರಿಸಿಕೊಳ್ಳಲು ಕೂತಾಗ ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆಯೇ.

"ಲೇ, ನಮ್ಮ ಮಂಗಳಾರತಿ ಪದದ ರಾಗ ಎಲ್ಲಿಂದ ಬಂತು ಅನ್ಕಂಡಿದೀಯ?"

ಆ ಪದಕ್ಕೆ ಪ್ರತಿ ಶನಿವಾರ ನನ್ನ ಕಣ್ಣು ತುಂಬುತ್ತದೆ. "ಯಾರೋ ಗುರುಗಳು ಹೇಳ್ಕೊಟ್ಟಿದ್ದಲ್ವಾ ದೊಡ್ಡಮ್ಮ?"

"ಗುರುನೂ ಇಲ್ಲ ಗಿರುನೂ ಇಲ್ಲ. ಬಡವನಹಳ್ಳಿ ಟೆಂಟಿನಾಗೆ ನೋಡಿದ ಸಿನಿಮಾ. ಒಬ್ಳು ಗಾಜಿನ ಲೋಟ ಹಿಡ್ಕಂಡು, ಮೈಮೇಲೆ ಒಂದಿಷ್ಟು ಮಿಂಚು ಬಿಟ್ರೆ ಇನ್ನೇನೂ ಇಲ್ದಂಗೆ ಕುಣಿಯೋಳು. ಮನೇಗೆ ಬಂದು ಮುಸುರೆ ತಿಕ್ತಾ ತಿಕ್ತಾ ಅವಳ ಮಾತು ಉದುರೋಯ್ತು, ರಾಗ ಉಳ್ಕಂತು. ಅಮ್ಮನೋರ ಹೆಸ್ರು ಹಾಕ್ಬುಟ್ಟೆ."

"ನಿಮ್ಮತ್ತೆಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಗಕ್ಕೆ ಅವ್ರೂ ಆ ಸಿನಿಮಾ ನೋಡಿರ್ಬೇಕಲ್ಲ! ಏಳು, ಸುಮ್ನೆ ಬಂದು ಪದ ಎತ್ತು."

ಗುಡಿಯ ಮುಂದೆ ಕಣ್ಣು ಮುಚ್ಚಿ ಎತ್ತಿದೆ. ಬೆಟ್ಟ ಹತ್ತಲು ಬಂದಿದ್ದ ಕಾಲೇಜು ಹುಡುಗ ಹುಡುಗಿಯರ ಗುಂಪು ಗಕ್ಕನೆ ತಿರುಗಿತು. ಹಾಡು ಅವರಿಗೆ ಚೆನ್ನಾಗಿ ಗೊತ್ತು. ಮೊಣಕೈಯಲ್ಲಿ ಒಬ್ಬರನ್ನೊಬ್ಬರು ತಿವಿಯುತ್ತಾ ಸೊಂಟದ ಸಾಲಿಗಾಗಿ ಕಾಯುತ್ತಿದ್ದರು. ಬಂದದ್ದು ಸಿದ್ದಪ್ಪನ ಪಾದ. ಗೊಳ್ಳೆಂದು ನಕ್ಕರು. ನಾನು ನಿಲ್ಲಿಸಲಿಲ್ಲ. ಇನ್ನೊಂದು ಸುತ್ತು ಬರುವಷ್ಟರಲ್ಲಿ ಅವರೇ ಚಪ್ಪಾಳೆ ತಟ್ಟುತ್ತಾ 'ಬಿಡೆವು ಬಿಡೆವು' ಎಂದು ನಮಗಿಂತ ಜೋರಾಗಿ ಕೂಗುತ್ತಿದ್ದರು. ಆರತಿ ತಟ್ಟೆ ಹಿಡಿದ ಅರ್ಚಕರ ಕಾಲೂ ತಾಳ ಹಾಕುತ್ತಿತ್ತು. ಅವರಿಗೆ ಮೂಲ ಹಾಡು ಗೊತ್ತಿತ್ತೋ ಇಲ್ಲವೋ, ನಾನು ವಿಚಾರಿಸಲು ಹೋಗಲಿಲ್ಲ.

ಮಂಗಳಾರತಿಗೆ ದೊಡ್ಡಮ್ಮನೇ ಗಂಭೀರವಾಗಿ ತಮ್ಮ ಪದ ಎತ್ತಿದರು. ನನಗೆ ಕಂಡದ್ದು ಗಾಜಿನ ಲೋಟ. ಅವತ್ತೂ ಕಣ್ಣು ತುಂಬಿತು, ನಗು ತಡೆದು ತಡೆದು.

ಆ ಹಾಡಿನ ಮಾತುಗಳನ್ನು ನಾನು ಈಗಲೂ ಒಪ್ಪುವುದಿಲ್ಲ. ಒಬ್ಬ ಹೆಣ್ಣುಮಗಳನ್ನು ಹಾಗೆ ತುಂಡು ತುಂಡಾಗಿ ಹೆಸರಿಸಿ ಕುಣಿಯುವುದು ಯಾವ ಸುಖವೋ. ವಾಪಸು ಹೊರಟಾಗ ಡ್ರೈವರು ಬೇಕೆಂದೇ ಅದನ್ನು ಮತ್ತೆ ಹಾಕಿ ಕನ್ನಡಿಯಲ್ಲಿ ನನ್ನನ್ನು ನೋಡಿದ. ತಾಳ ಆಗಲೇ ನನ್ನ ಮಡಿಲಲ್ಲಿತ್ತು, ದೊಡ್ಡಮ್ಮ ವ್ಯಾನು ಹತ್ತುವ ಮೊದಲೇ ಇಟ್ಟಿದ್ದರು. ಎತ್ತಿ ಬಾರಿಸಿದೆ. ಹಿಂದಿನಿಂದ ಎಲ್ಲರೂ ಹಿಡಿದರು. ಹಾಡಿನ ಆ ಗಂಡಸು ಏನು ಹಿಡಿದನೋ ಏನು ಬಿಟ್ಟನೋ, ಮಧುಗಿರಿ ಬರುವವರೆಗೆ ಒಂದಕ್ಷರ ಕೇಳಿಸಲಿಲ್ಲ.