ಗೇರು ಹಿಡಿಯುವವರೆಗೆ

ಆ ಬೀದಿಯ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರಿಗೆ ಕಲಿಯಲು ಬಂದವರು ಇಟ್ಟ ಹೆಸರು ‘ನಿಧಾನಪ್ಪ’. ಪಕ್ಕದ ಸೀಟಿನಲ್ಲಿ ಕುಳಿತು, ತನ್ನ ಕಾಲಡಿಯಲ್ಲಿದ್ದ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟುಕೊಂಡು, ದಿನವಿಡೀ ಅವನು ಹೇಳುತ್ತಿದ್ದುದು ಅದೊಂದೇ ಮಾತು: ನಿಧಾನ, ನಿಧಾನ. ಲಾರಿಯ ಕ್ಲೀನರ್ ಆಗಿದ್ದವನು, ಆಮೇಲೆ ಲಾರಿಯನ್ನೇ ಓಡಿಸಿದವನು, ಬೆನ್ನುನೋವು ತಾಳಲಾರದೆ ಕಲಿಸುವ ಕೆಲಸಕ್ಕೆ ಇಳಿದವನು. ಕ್ಲಚ್ ಎಂದರೆ ಬೆವರುವವರಿಗಾಗಿ ಒಂದು ಹಳೆಯ ಆಟೋಮ್ಯಾಟಿಕ್ ಕಾರನ್ನು ಇಟ್ಟುಕೊಂಡಿದ್ದ. ತನ್ನ ಕೈಗೆ ಬಂದವರು ಯಾರೂ ಅರ್ಧಕ್ಕೆ ಬಿಟ್ಟು ಹೋಗಿಲ್ಲ ಎಂಬುದೇ ಅವನ ಹೆಮ್ಮೆ. ಹಾಗೆ ಬಿಟ್ಟು ಹೋದ ಮೊದಲನೆಯವಳು ಅವನ ಸ್ವಂತ ಅತ್ತಿಗೆ.

ಅತ್ತಿಗೆ ಹೊಲಿಗೆಯವಳು. ಅವಳು ಆ ಮನೆಗೆ ಬಂದಾಗ ಇವನಿನ್ನೂ ಚಡ್ಡಿ ಹಾಕುವ ಹುಡುಗ. ಅವಳ ಕೈತುತ್ತು ತಿಂದೇ ಬೆಳೆದವನು. ಈಚೆಗೆ ಅಣ್ಣನಿಗೆ ಕೈ ನಡುಗಲು ಶುರುವಾಗಿ ಅವನು ಸ್ಟೇರಿಂಗ್ ಮುಟ್ಟುವುದನ್ನು ಬಿಟ್ಟಿದ್ದ. ಹೊಲಿದ ಬಟ್ಟೆಯ ಗಂಟುಗಳನ್ನು ಅಂಗಡಿಗಳಿಗೆ ಮುಟ್ಟಿಸಲು ಅತ್ತಿಗೆ ದಿನಾ ಯಾರದಾದರೂ ಕೈಕಾಲು ಹಿಡಿಯಬೇಕಾಯಿತು. ಸಾಕಾಗಿ, ತಾನೇ ಕಲಿಯುತ್ತೇನೆ ಎಂದಳು. ಮನೆಕೆಲಸಕ್ಕೆ ಮುಂಚೆಯೇ ಮುಗಿಯಲೆಂದು ದಿನದ ಮೊದಲ ಪಾಠವನ್ನು ಇವನು ಅವಳಿಗೇ ಕೊಟ್ಟ.

ಆಟೋಮ್ಯಾಟಿಕ್ ಕಾರಿನ ಪಾಠ ಕಷ್ಟದ್ದೇನಲ್ಲ. ಬ್ರೇಕ್ ಒತ್ತಿಕೊಂಡು ಗೇರನ್ನು ಮುಂದಕ್ಕೆ ಓಡಿಸುವ ‘ಡಿ’ಗೆ ಎಳೆಯಬೇಕು. ಗೇರು ಹಿಡಿದೊಡನೆ ಗಾಡಿ ಒಮ್ಮೆ ಸಣ್ಣಗೆ ಜಗ್ಗುತ್ತದೆ. ಬ್ರೇಕ್ ಬಿಟ್ಟರೆ ತಾನಾಗಿಯೇ ತೆವಳುತ್ತದೆ. ಅತ್ತಿಗೆ ಅವನು ಹೇಳಿದಂತೆಯೇ ಮಾಡಿದಳು. ಗಾಡಿ ತೆವಳಲಿಲ್ಲ. ಗಾಡಿ ಏಳ್ತಿಲ್ಲವಲ್ಲ ಎನ್ನುತ್ತಾ ಆಕ್ಸಿಲರೇಟರ್ ಒತ್ತಿದಳು. ಇಂಜಿನ್ ಒಮ್ಮೆ ಅರಚಿತು. ಗೇರು ಆಗ ಹಿಡಿಯಿತು. ಅವನು ತನ್ನ ಬ್ರೇಕನ್ನು ತುಳಿಯುವಷ್ಟರಲ್ಲಿ ಕಾರು ನೆಗೆದು, ಪಾಠ ನಡೆಯುವ ಮೈದಾನದ ಗೇಟಿನ ಕಂಬಕ್ಕೆ ಮೂತಿ ಗುದ್ದಿಕೊಂಡಿತ್ತು.

ಗೇರು ಹಾಕಿದ್ದೆ, ಗಾಡಿಯೇ ಏಳಲಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ಸಂಜೆ ಬರುವವರೆಲ್ಲ ಇದೇ ಗಾಡಿಯನ್ನು ಓಡಿಸುತ್ತಾರಲ್ಲ, ಅವರಿಗೆ ಹೇಗೆ ಏಳುತ್ತದೆ ಎಂದು ಇವನು ಕೇಳಿದ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಅಂದು ಅಣ್ಣನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದಾಗ, ಕಂಬದ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿ, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದುಬಿಟ್ಟ. ಅಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅತ್ತಿಗೆ ಬಡಿಸುವುದನ್ನು ನಿಲ್ಲಿಸಲಿಲ್ಲ. ಆದರೆ ಮರುದಿನದಿಂದ ಪಾಠಕ್ಕೆ ಬರಲಿಲ್ಲ. ಗಂಟು ಹೊತ್ತು ಬಸ್ಸಿಗೆ ಕಾಯುವುದನ್ನು ಇವನು ಒಂದೆರಡು ಸಲ ಕಂಡ. ಅವಳಿಗೇ ಹಟ ಎಂದುಕೊಂಡು ಮುಂದೆ ಹೋದ.

ಜಜ್ಜಿದ ಬಂಪರ್ ಸರಿಮಾಡಿಸಲು ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟಿದ್ದ. ಬೆಳಿಗ್ಗೆ ತರಲು ಹೋದಾಗ ಅವನ ಹಳೆಯ ಗೆಳೆಯನಾದ ಮೆಕ್ಯಾನಿಕ್ ಬಾಗಿಲಲ್ಲೇ ನಿಂತು ಹಲ್ಲುಜ್ಜುತ್ತಿದ್ದ. ಇವನು ಕಾರು ಚಾಲೂ ಮಾಡಿ, ರಿವರ್ಸ್ ಹಾಕಿ, ಸುಮ್ಮನೆ ಕುಳಿತ.

“ಯಾರಿಗೆ ಕಾಯ್ತಾ ಇದೀರಿ ಮೇಷ್ಟ್ರೇ, ಮುಹೂರ್ತಕ್ಕಾ?” ಎಂದ ಮೆಕ್ಯಾನಿಕ್.

“ಗೇರು ಹಿಡೀಲಿ ಅಂತ,” ಎಂದ.

ಹೇಳಿದ ಮೇಲೆಯೇ ಆ ಮಾತು ಅವನ ಕಿವಿಗೆ ಬಿತ್ತು. ಗಾಡಿ ಆಗ ಜಗ್ಗಿತು. ಅವನ ಮುಖ ಬಿಸಿಯಾಯಿತು.

ಎಷ್ಟು ದಿನದಿಂದ ಹೀಗೆ ಎಂದು ಮೆಕ್ಯಾನಿಕ್ ಕೇಳಿದ. ತಡ ಸ್ವಲ್ಪಸ್ವಲ್ಪವಾಗಿ ಬೆಳೆದಿತ್ತು. ಅದರ ಜೊತೆಗೆ ಅವನ ಕಾಯುವಿಕೆಯೂ ಬೆಳೆದಿತ್ತು. ತನ್ನ ಕಾಲು ಗಾಡಿಯ ರೋಗಕ್ಕೆ ಹೊಂದಿಕೊಂಡಿದ್ದು ಅವನಿಗೇ ಗೊತ್ತಿರಲಿಲ್ಲ.

ಮೆಕ್ಯಾನಿಕ್ ಇಂಜಿನ್ ಓಡುತ್ತಿರುವಾಗಲೇ ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ತೆಗೆದ. ತುದಿಯಷ್ಟೇ ಒದ್ದೆ. ಕೆಂಪಗಿರಬೇಕಾದ ಎಣ್ಣೆ ಕಾಫಿಯ ಬಣ್ಣಕ್ಕೆ ತಿರುಗಿ ಸೀದ ವಾಸನೆ ಹೊಡೆಯುತ್ತಿತ್ತು. ಕಾರಿನಡಿಗೆ ನುಸುಳಿ ನೋಡಿದರೆ, ಎಣ್ಣೆ ತಂಪಾಗಲು ಹೋಗುವ ಕೊಳವೆಯ ಕ್ಲಿಪ್ಪಿನ ಸುತ್ತ ಸೋರಿದ ಜಿಡ್ಡು. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಣ್ಣೆ ಕೆಳಗಿಳಿದುಬಿಡುತ್ತದೆ, ಇದ್ದದ್ದೇ ಕಡಿಮೆಯಾದರೆ ಒತ್ತಡ ಏರಿ ಗೇರು ಹಿಡಿಯಲು ಹೊತ್ತು ಬೇಕು, ಒಮ್ಮೆ ಓಡಿ ಬಿಸಿಯಾದರೆ ತಡ ಅಷ್ಟಾಗಿ ಕಾಣುವುದಿಲ್ಲ ಎಂದು ಅವನು ಅಡಿಯಿಂದಲೇ ಹೇಳುತ್ತಾ ಹೋದ. ಪೆಟ್ಟು ತಿನ್ನೋದು ಯಾವಾಗಲೂ ಬೆಳಗಿನ ಮೊದಲನೇ ಡ್ರೈವರ್ರೇ ಎಂದೂ ಸೇರಿಸಿದ. ನಿಧಾನಪ್ಪ ಗೋಡೆಯ ಕಡೆಗೆ ತಿರುಗಿ ನಿಂತ. ಡೊಂಕಾಗಿದ್ದುದು ನೆಲವೇ.

ಗೇರ್‌ಬಾಕ್ಸಿನ ಕೆಳಗಿನ ತಟ್ಟೆ ಬಿಚ್ಚಿ ನೋಡಿದಾಗ ಸವೆದು ಬಿದ್ದ ಕಬ್ಬಿಣದ ಪುಡಿ ಹೆಚ್ಚಿರಲಿಲ್ಲ, ಗೇರ್‌ಬಾಕ್ಸ್ ಉಳಿದಿತ್ತು. ಫಿಲ್ಟರ್, ಕೊಳವೆ ಬದಲಾದವು. ಗಾಡಿಗೆ ಹೇಳಿದ ಜಾತಿಯ ಎಣ್ಣೆಯನ್ನೇ ತುಂಬಿಸಿ, ಬಿಸಿಯಾದ ಮೇಲೆ ಮಟ್ಟ ನೋಡಿದರು. ಈಗಲೇ ನಂಬಬೇಡಿ, ರಾತ್ರಿಯಿಡೀ ತಣ್ಣಗಾದ ಮೇಲೆ ಹೇಗೋ ನೋಡೋಣ ಎಂದು ಮೆಕ್ಯಾನಿಕ್ ಮರುದಿನ ಬರಹೇಳಿದ. ಮರುದಿನ ‘ಡಿ’ಗೆ ಎಳೆದೊಡನೆ ಗಾಡಿ ಜಗ್ಗಿತು. ಮೆಕ್ಯಾನಿಕ್ ಬೆನ್ನು ತಟ್ಟಿದ. ಇವನಿಗೆ ನಗಲಾಗಲಿಲ್ಲ.

ಅಲ್ಲಿಂದ ನೇರವಾಗಿ ಅಣ್ಣನ ಮನೆಗೆ ಹೋದ. ಅತ್ತಿಗೆ ಮಿಷನ್ ತುಳಿಯುತ್ತಿದ್ದಳು. ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಂತು, ಎಣ್ಣೆ, ಕೊಳವೆ, ಬೆಳಗಿನ ತಡ ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಅವಳು ತೋಳಿನ ಹೊಲಿಗೆ ಮುಗಿಸಿ, ದಾರವನ್ನು ಹಲ್ಲಿನಲ್ಲಿ ಕತ್ತರಿಸಿದಳು.

“ಅಂದ್ರೆ ನನ್ನ ತಪ್ಪಿರಲಿಲ್ಲ.”

“ಇರಲಿಲ್ಲ ಅತ್ತಿಗೆ. ನೀವು ಹೇಳಿದ್ದೇ ಸರಿ. ನಾನು ಗಾಡಿ ನೋಡ್ಲಿಲ್ಲ, ನಿಮ್ಮನ್ನ ನೋಡಿ ನಕ್ಕೆ.”

“ನನ್ನ ಕಿವೀಲಿ ಹೇಳಿದ್ರೆ ಏನು ಬಂತು? ನೀನು ನಗಿಸಿದ್ದು ಮನೆಮಂದಿನ. ಊಟಕ್ಕಿರು.”

ಅವನು ಇದ್ದ. ಎಲ್ಲರ ತಟ್ಟೆ ತುಂಬಿದ ಮೇಲೆ, ತಲೆ ಎತ್ತದೆ ಮತ್ತೊಮ್ಮೆ ಹೇಳಿದ. ಕಂಬದ ಕಥೆ ಹೇಳುವಾಗ ಅಷ್ಟು ಸಲೀಸಾಗಿದ್ದ ನಾಲಿಗೆ ಈಗ ತೊದಲಿತು. ಯಾರೂ ನಗಲಿಲ್ಲ. ಅಣ್ಣನ ನಡುಗುವ ಕೈ ತಟ್ಟೆಯ ಅಂಚಿನಲ್ಲೇ ನಿಂತಿತು. ಹೆಂಡತಿಯನ್ನು ಒಮ್ಮೆ ನೋಡಿ ಅವನೂ ತಲೆ ತಗ್ಗಿಸಿದ.

ಅತ್ತಿಗೆ ಮೈದುನನ ತಟ್ಟೆಗೆ ಎರಡನೇ ಸಲ ಬಡಿಸಿದಳು. ಸಾಕು ಎನ್ನುವ ಧೈರ್ಯ ಅವನಿಗೆ ಬರಲಿಲ್ಲ.

“ನಾಳೆ ಬರ್ತೀನಿ,” ಎಂದಳು. “ಕಾಲು ಬ್ರೇಕಿನ ಮೇಲಿರಲಿ. ಬಾಯಿ ಮಾತ್ರ ಮುಚ್ಚಿರಲಿ.”

ಅವನು ಆಗಲಿ ಎನ್ನಲೂ ಬಾಯಿ ತೆರೆಯಲಿಲ್ಲ.