ಗುಂಬದ ಮೇಲಿನ ಹೆಬ್ಬೆಟ್ಟು

ಉಸ್ಮಾನ ಮಿಯಾ ಅವರ ಕೈಗೆ ಕೊಟ್ಟ ಗಾಡಿ ಬೇಗ ಕೆಡುವುದಿಲ್ಲ ಎಂದು ಬೀದರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಬೇಗ ವಾಪಸೂ ಬರುವುದಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಹಿಂದಿನ ಟೈರು ಬದಲಿಸಲು ಕೊಟ್ಟ ನನ್ನ ಜಾವಾ ಗಾಡಿಯನ್ನು ಒಮ್ಮೆ ಸಂಜೆಯವರೆಗೆ ಇಟ್ಟುಕೊಂಡರು. ಟೈರು ಏರಿಸಿಯಾಗಿತ್ತು, ಗ್ರೀಸು ಹಚ್ಚಿಯಾಗಿತ್ತು, ನಟ್ಟು ಬಿಗಿದಾಗಿತ್ತು. ಹಚ್ಚಿದವರೂ ಅವರೇ. ಆದರೂ ಎಲ್ಲವನ್ನೂ ಮತ್ತೆ ಬಿಚ್ಚಿ, ಒಳಗೆ ಬೆರಳು ಹಾಕಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮುಚ್ಚಿದರು. ನನಗೆ ಸಿಟ್ಟು ನೆತ್ತಿಗೇರಿತು. ನಾನು ವಕೀಲರ ಗುಮಾಸ್ತ. ದಿನವಿಡೀ ಕೋರ್ಟಿನಲ್ಲಿ ಕಾಯುವುದೇ ನನ್ನ ಹಣೆಬರಹ. ಚೌಬಾರಾ ಗೋಪುರದ ಬಳಿಯ ಇವರ ಗ್ಯಾರೇಜಿನಲ್ಲೂ ಕಾಯಬೇಕೇ? ನಿಮ್ಮ ಕೈಯ ಮೇಲೆ ನಿಮಗೇ ನಂಬಿಕೆ ಇಲ್ಲವೇ ಎಂದು ಕೇಳಿಬಿಟ್ಟೆ.

“ಕೈ ಮ್ಯಾಲ ನಂಬಿಕಿ ಅದರಿ,” ಎಂದರು. “ಮ್ಯಾಲಿನ ಗುರುತಿನ ಮ್ಯಾಲ ಇಲ್ಲ.”

ಅಷ್ಟರಲ್ಲಿ ಗ್ಯಾರೇಜಿನ ಹಿಂದಿನ ಮನೆಯಿಂದ ಅವರ ಹೆಂಡತಿ ಫಕ್ರುನ್ನಿಸಾ ಅವರ ದನಿ ಕೇಳಿತು. ಊಟ ತಣ್ಣಗಾಗಿ ಎಷ್ಟು ಹೊತ್ತಾಯಿತು, ಹೊತ್ತಿಗೆ ಸರಿಯಾಗಿ ಬರುವುದು ನಿಮ್ಮ ಜಾತಕದಲ್ಲೇ ಇಲ್ಲ ಎಂದು ಆಕೆ ಹೇಳುತ್ತಿದ್ದರು. ಉಸ್ಮಾನ ಮಿಯಾ ತಲೆ ತಗ್ಗಿಸಿ ಕೈ ಒರೆಸಿಕೊಂಡರು. ಆ ಮಾತು ಅನ್ನ ಆರಿದ್ದರ ಬಗ್ಗೆ ಅಲ್ಲ ಎಂದು ನನಗೆ ಗೊತ್ತಾಗಲು ಇನ್ನೂ ಕೆಲವು ಸಂಜೆ ಬೇಕಾದವು. ಕೆದಕಿ ಕೆದಕಿ ಕೇಳಿದೆ. ಹಿಡಿದದ್ದನ್ನು ಬಿಡುವ ಆಸಾಮಿ ನಾನಲ್ಲ.

ಅವರ ತಂದೆ ಬೀದರಿನಲ್ಲಿ ಟಾಂಗಾ ಹೊಡೆಯುತ್ತಿದ್ದವರು. ನಮ್ಮ ಕಡೆಯ ಟಾಂಗಾ, ಬಂಡಿಯವರು ಔಡಲ ಎಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಕೀಲೆಣ್ಣೆ ಮಾಡುತ್ತಾರೆ. ಅಚ್ಚಿಗೆ ಅದನ್ನು ಹಚ್ಚಿದ ಮೇಲೆ ಬೆರಳಲ್ಲಿ ಉಳಿದದ್ದನ್ನು ಚಕ್ರದ ನಡುವಿನ ಗುಂಬದ ಮೇಲೆ ಒತ್ತುವುದು ಅವರ ಪದ್ಧತಿ. ಗುರುತು ಇದ್ದರೆ ಒಳಗೆ ಎಣ್ಣೆ ಬಿದ್ದಿದೆ ಎಂದರ್ಥ; ಮುಂದಿನವನು ಚಕ್ರ ಬಿಚ್ಚಿ ನೋಡಬೇಕಾಗಿಲ್ಲ. ಒಬ್ಬೊಬ್ಬರ ಗುರುತು ಒಂದೊಂದು ಬಗೆ. ಒತ್ತಿದ ಬೆರಳು ಕೊಟ್ಟ ಮಾತಿಗೆ ಸಮ. ಸುಳ್ಳು ಒತ್ತಿದವನಿಗೆ ಟಾಂಗಾ ಅಡ್ಡೆಯಲ್ಲಿ ಯಾರೂ ಬೀಡಿಯ ಬೆಂಕಿ ಕೂಡ ಕೊಡುತ್ತಿರಲಿಲ್ಲ.

ಮಗ ಮೋಟರು ರಿಪೇರಿ ಕಲಿತರೂ ಈ ಪದ್ಧತಿ ಬಿಡಲಿಲ್ಲ. ಅಂಗಡಿಯಲ್ಲಿ ಅವರ ಜೊತೆಗಾರನಾಗಿದ್ದವನು ಹೆಂಡತಿಯ ತಮ್ಮ ನಿಜಾಮೋದ್ದೀನ. ಉಸ್ಮಾನ ಮಿಯಾ ಮೂರು ಬೆರಳು ಎಳೆಯುತ್ತಿದ್ದರು, ನಿಜಾಮೋದ್ದೀನ ಹೆಬ್ಬೆಟ್ಟು ಒತ್ತುತ್ತಿದ್ದ. ಚಿಕ್ಕಂದಿನಲ್ಲಿ ಕುಡುಗೋಲು ತಾಗಿ ಅವನ ಹೆಬ್ಬೆರಳಿನಲ್ಲಿ ಅಡ್ಡ ಗೀರು ಉಳಿದಿತ್ತು. ಅವನ ಗುರುತನ್ನು ಕುರುಡರೂ ತಡವಿ ಹೇಳಬಹುದಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸಿಕಂದರಾಬಾದಿನ ಮಿಲಿಟರಿ ಹರಾಜಿನಲ್ಲಿ ಉಸ್ಮಾನ ಮಿಯಾ ಒಂದು ಜರ್ಮನ್ ಮೋಟರ್ ಸೈಕಲ್ಲು ಕೊಂಡು ತಂದರು. ಪಕ್ಕಕ್ಕೆ ತೊಟ್ಟಿಲಿನಂಥ ಡಬ್ಬಿ ಇತ್ತು. ಇಬ್ಬರನ್ನು ಕೂರಿಸಿಕೊಂಡು ಹೋಗಬಹುದು. ಅದಕ್ಕೆ ಸರಪಳಿ ಇಲ್ಲ. ಎಂಜಿನ್ನಿನಿಂದ ಹಿಂದಿನ ಚಕ್ರದವರೆಗೆ ಉಕ್ಕಿನ ಶಾಫ್ಟು. ಅದು ತಿರುಗಿಸುವ ಹಲ್ಲುಗಳು ಗುಂಬದೊಳಗಿನ ಹಲ್ಲುಗಳಿಗೆ ಹೋಗಿ ಕೂರುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಟೈರು ಬದಲಿಸಲು ಚಕ್ರ ಬಿಚ್ಚಿದಾಗ ಮಾತ್ರ ಆ ಹಲ್ಲುಗಳಿಗೆ ಗ್ರೀಸು ಹಚ್ಚಲು ಸಾಧ್ಯ. ಆಗ ಮರೆತರೆ ಒಣ ಹಲ್ಲು ಒಣ ಹಲ್ಲನ್ನು ತಿನ್ನುತ್ತ ಹೋಗುತ್ತದೆ. ಈ ಗಾಡಿಯ ಹಲ್ಲು ಯುದ್ಧದಲ್ಲಿ ಆಫ್ರಿಕಾದ ಮರಳುಗಾಡಿನಲ್ಲೇ ಅರ್ಧ ಸವೆದಿತ್ತು. ಗ್ರೀಸಿನ ಮೇಲೆಯೇ ಅದರ ಜೀವ ನಿಂತಿತ್ತು.

ಅಂಥ ಗ್ರೀಸೇ ಸಿಗದ ಕಾಲ ಬಂತು. ಹೈದರಾಬಾದು ಸಂಸ್ಥಾನ ಹಿಂದುಸ್ತಾನಕ್ಕೆ ಸೇರುವುದಿಲ್ಲ ಎಂದು ಕೂತಿತ್ತು. ಗಡಿಯಾಚೆಯಿಂದ ಪೆಟ್ರೋಲು, ಟೈರು, ಎಣ್ಣೆ ಬರುವುದು ನಿಂತಿತ್ತು. ಅಂಗಡಿಯಲ್ಲಿ ಕೊನೆಯ ಒಂದು ಡಬ್ಬಿ ಗ್ರೀಸು ಉಳಿದಿತ್ತು. ಅದು ಶಾಫ್ಟಿಗೆ ಮಾತ್ರ, ಬೇರೆ ಎಲ್ಲಕ್ಕೂ ಕೀಲೆಣ್ಣೆ ಎಂದು ಉಸ್ಮಾನ ಮಿಯಾ ಕಟ್ಟುನಿಟ್ಟು ಮಾಡಿದ್ದರು. ನಲವತ್ತೆಂಟರ ಆ ಬೇಸಿಗೆಯಲ್ಲಿ ನಿಜಾಮರ ಪರ ನಿಂತ ರಜಾಕಾರರು ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ಮಾಡಿದ್ದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಸೆಪ್ಟೆಂಬರಿನಲ್ಲಿ ಹಿಂದುಸ್ತಾನದ ಫೌಜು ಒಳಗೆ ಬಂತು, ಹೈದರಾಬಾದು ಶರಣಾಯಿತು. ಬೆಂಕಿ ಹಚ್ಚಿದವರು ಓಡಿಹೋದರು. ಸೇಡು ಕೈಗೆ ಸಿಕ್ಕ ಮುಸಲ್ಮಾನರ ಮೇಲೆ ತಿರುಗಿತು.

ಫಕ್ರುನ್ನಿಸಾ ಆಗ ಔರಾದಿನಲ್ಲಿ ತವರುಮನೆಯಲ್ಲಿದ್ದರು. ತಂದೆ ಖಾಸಿಂ ಅಲಿ ಬಳೆ ಮಾರುವವರು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳ ಮದುವೆಗೂ ಸೀಮಂತಕ್ಕೂ ಕೈತುಂಬ ಬಳೆ ಇಟ್ಟವರು. ಉಸ್ಮಾನ ಮಿಯಾ ಔರಾದಿಗೆ ಹೊರಟಿದ್ದ ಬಂಡಿಯವರ ಕೈಯಲ್ಲಿ ಮಾತು ಹೇಳಿ ಕಳಿಸಿದರು. ನಾಳೆ ಮುಂಜಾನೆ ಗಾಡಿ ತರುತ್ತೇನೆ, ಇಬ್ಬರೂ ಸಿದ್ಧವಾಗಿರಿ, ಬೀದರಿಗೆ ಕರೆತರುತ್ತೇನೆ ಎಂದು. ಬೀದರಿನಲ್ಲಿ ಫೌಜು ಬಂದಿಳಿದಿತ್ತು. ಅಲ್ಲಿ ಜೀವಕ್ಕೆ ಭಯ ಕಡಿಮೆ.

ಹಿಂದಿನ ಟೈರು ಮಾತ್ರ ಬೋಳಾಗಿ ಹರಿದಿತ್ತು. ಹಳೆಯದೊಂದು ಟೈರಿಗೆ ಅಲೆದು, ಹುಡುಕಿ ತಂದು ನಿಜಾಮೋದ್ದೀನನಿಗೆ ಕೊಟ್ಟು, ತಾವು ಪೆಟ್ರೋಲಿಗೆ ಹೋದರು. ತಿರುಗಿ ಬಂದಾಗ ಚಕ್ರ ಏರಿತ್ತು. ಗುಂಬದ ಮೇಲೆ ಹೆಬ್ಬೆಟ್ಟು ಒತ್ತಿತ್ತು. ಗುರುತು ಗ್ರೀಸಿನದಲ್ಲ, ಕರಿ ಕೀಲೆಣ್ಣೆಯದು. ಉಸ್ಮಾನ ಮಿಯಾ ಅದನ್ನು ಗಮನಿಸಿದರು. ಒಳ್ಳೆಯ ಗ್ರೀಸು ಒಳಗೆ ಹಚ್ಚಿ, ಹೊರಗಿನ ಗುರುತಿಗೆ ಕೀಲೆಣ್ಣೆ ಬಳಸಿದ್ದಾನೆ, ಜಾಣ ಹುಡುಗ ಎಂದುಕೊಂಡರಂತೆ. ಜಾಣ ಹುಡುಗ ಅಂಗಡಿಯಲ್ಲಿ ಇರಲಿಲ್ಲ. ಯಾರೋ ಜಾಗೀರದಾರರ ಮೋಟಾರಿನಲ್ಲಿ ಹೈದರಾಬಾದಿಗೆ ಹೊರಟುಹೋದ ಎಂದು ಪಕ್ಕದವರು ಹೇಳಿದರು. ಹೆದರಿದ್ದಾನೆ, ಹೋಗಲಿ, ಅವನ ಅಪ್ಪ, ಅಕ್ಕನನ್ನು ನೋಡಿಕೊಳ್ಳಲು ನಾನಿದ್ದೇನಲ್ಲ ಎಂದು ಇವರು ಗಾಡಿ ಹತ್ತಿದರು.

ಮಾಂಜ್ರಾ ನದಿ ದಾಟಿದ ಮೇಲೆ ಹಿಂದಿನಿಂದ ಕರಕರ ಸದ್ದು ಶುರುವಾಯಿತು. ಸಂತಪುರದ ಏರಿನಲ್ಲಿ ಗಾಡಿ ನಿಂತಿತು. ಎಂಜಿನ್ನು ಗುಡುಗುತ್ತಿದೆ, ಗೇರು ಬೀಳುತ್ತಿದೆ, ಚಕ್ರ ಕದಲುತ್ತಿಲ್ಲ. ರಸ್ತೆಯ ಮೇಲೇ ಕೂತು ಚಕ್ರ ಬಿಚ್ಚಿದರು. ಒಳಗೆ ಒಂದು ತೊಟ್ಟು ಗ್ರೀಸು ಇರಲಿಲ್ಲ. ಹೊಸದು ಹಚ್ಚಿಲ್ಲ ಎಂಬುದಷ್ಟೇ ಅಲ್ಲ, ಮೊದಲು ಇದ್ದದ್ದನ್ನೂ ಬೆರಳು ಹಾಕಿ ಕೆರೆದು ತೆಗೆದಾಗಿತ್ತು. ಹಲ್ಲುಗಳು ನೆಲಸಮ. ಇಟ್ಟಂಗಿ ಪುಡಿಯಂಥ ಕೆಂಪು ತುಕ್ಕಿನ ಪುಡಿ ಕೈಗೆ ಬಂತು. ಹೊರಗೆ ಹೆಬ್ಬೆಟ್ಟು ಹಾಗೇ ಇತ್ತು, ಅಡ್ಡ ಗೀರಿನ ಸಮೇತ.

ಜಾಗೀರದಾರರ ಮೋಟಾರಿನ ಚಕ್ರಗಳೂ ಒಣಗಿದ್ದವು. ಗ್ರೀಸು ತಂದವನಿಗೆ ಡ್ರೈವರನ ಪಕ್ಕ ಜಾಗ ಸಿಕ್ಕಿತು. ಹೀಗಾಗಿರಬೇಕು ಎಂದು ಉಸ್ಮಾನ ಮಿಯಾ ಅಲ್ಲೇ ಊಹಿಸಿದರು. ಅವನು ಗ್ರೀಸು ಕದ್ದದ್ದನ್ನು, ಇದನ್ನೆಲ್ಲ ಕೇಳಿದ ನಾನು ಕ್ಷಮಿಸಬಲ್ಲೆ; ಪ್ರಾಣಭಯ ಯಾರಿಗಿಲ್ಲ? ಆದರೆ ಕದ್ದ ಮೇಲೆ ಹೆಬ್ಬೆಟ್ಟು ಒತ್ತಿದನಲ್ಲ, ಆ ನೀಚತನಕ್ಕೆ ನನ್ನಲ್ಲಿ ಕ್ಷಮೆ ಇಲ್ಲ. ಗುರುತು ಇಲ್ಲದಿದ್ದರೆ ಇವರು ಬಿಚ್ಚಿ ನೋಡುತ್ತಿದ್ದರು. ಕೀಲೆಣ್ಣೆಯನ್ನಾದರೂ ತುಂಬಿಕೊಂಡು ಹೊರಡುತ್ತಿದ್ದರು. ಔರಾದು ಮುಟ್ಟುತ್ತಿದ್ದರು.

ಚಕ್ರವನ್ನು ತೊಗರಿ ಹೊಲದಲ್ಲಿ ಮುಚ್ಚಿಟ್ಟು ಕಾಲ್ನಡಿಗೆ ಹಿಡಿದರು. ದಾರಿ ಇವರ ಪಾಲಿಗೆ ದಾರಿಯಾಗಿರಲಿಲ್ಲ. ಜನರ ಗುಂಪು ಕಂಡಲ್ಲಿ ಬೆಳೆಯೊಳಗೆ ಅಡಗಿ, ಊರು ಕಂಡಲ್ಲಿ ಸುತ್ತುಹಾಕಿ ಔರಾದು ಸೇರುವಾಗ ಮರುದಿನದ ಮಧ್ಯಾಹ್ನವಾಗಿತ್ತು.

ಅಲ್ಲಿ ನಡೆದದ್ದನ್ನು ಅವರಿಗೆ ಹೇಳಿದವರು ಕುರಿ ಸಾಕುವ ಮನೆತನದ ಅಂಜನಾಬಾಯಿ. ಆಕೆಯ ಮದುವೆಯ ಬಳೆ ಇಟ್ಟವರು ಖಾಸಿಂ ಅಲಿಯವರೇ. ಹೊರಗಿನಿಂದ ಗುಂಪು ಬರುತ್ತಿದೆ ಎಂದು ತಿಳಿದಾಗ ಆಕೆ ಬಂದು, ಇಬ್ಬರೂ ನಮ್ಮ ಕುರಿದೊಡ್ಡಿಗೆ ಬನ್ನಿ ಎಂದು ಕರೆದಿದ್ದರು. ಮುದುಕ ಮಗಳನ್ನು ಕಳಿಸಿದರು, ತಾವು ಹೋಗಲಿಲ್ಲ. ಅಳಿಯ ಬರುತ್ತೇನೆ ಎಂದಿದ್ದಾನೆ. ಬಾಗಿಲಿಗೆ ಬೀಗ ಕಂಡು ತಿರುಗಿ ಹೋದರೆ? ಹೀಗೆಂದು ಕಟ್ಟೆಯ ಮೇಲೆ ಕೂತು ಬೀದರಿನ ದಾರಿಯ ಕಡೆ ಕಿವಿ ಇಟ್ಟಿದ್ದರಂತೆ. ಗಾಡಿಯ ಸದ್ದು ಬರಲಿಲ್ಲ. ಬಂದವರು ಬೇರೆ. ಅಂಜನಾಬಾಯಿಯ ಮನೆಯವರೇ ಮುದುಕನ ದೇಹವನ್ನು ಮಣ್ಣು ಮಾಡಿದ್ದರು.

ಕುರಿದೊಡ್ಡಿಯಿಂದ ಹೊರಬಂದ ಫಕ್ರುನ್ನಿಸಾ ಗಂಡನಿಗೆ ಒಂದೇ ಮಾತು ಕೇಳಿದರಂತೆ, ನಿನ್ನೆ ಯಾಕೆ ಬರಲಿಲ್ಲ ಎಂದು. ಗಾಡಿ ಕೆಟ್ಟಿತು ಎಂದರು ಉಸ್ಮಾನ ಮಿಯಾ. ಯಾರು ಕೆಡಿಸಿದರು ಎಂದು ಹೇಳಲಿಲ್ಲ. ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

“ಯಾಕ ಹೇಳಲಿಲ್ಲರಿ?” ಎಂದು ನಾನು ಹೆಚ್ಚುಕಡಿಮೆ ಜಗಳಕ್ಕೇ ನಿಂತೆ.

“ಅಪ್ಪ ಹೋದ. ತವರು ಅಂತ ಉಳದದ್ದು ಆ ತಮ್ಮ ಒಬ್ಬನೇರಿ,” ಎಂದರು. “ಅವನ್ನೂ ಹ್ಯಾಂಗ ಕಸಗೊಳ್ಳಲಿ?”

ಕೆಲವು ವಾರಗಳ ನಂತರ ಹೋಗಿ ನೋಡಿದಾಗ ಗಾಡಿಯನ್ನು ಯಾರೋ ಒಯ್ದಿದ್ದರು, ಹೊಲದಲ್ಲಿ ಚಕ್ರ ಮಾತ್ರ ಬಿದ್ದಿತ್ತು. ಕಡ್ಡಿ, ರಿಮ್ಮು ಕಳಚಿ ಗುಂಬವನ್ನಷ್ಟೇ ತಂದು, ಅರಿವೆ ಸುತ್ತಿ, ಗ್ಯಾರೇಜಿನ ಮೇಲಿನ ಹಲಗೆಯ ಮೇಲೆ ಇಟ್ಟರು. ಕೀಲೆಣ್ಣೆ ಒಣಗಿ ಅರಗಿನಂತೆ ಗಟ್ಟಿಯಾಗಿತ್ತು. ಅದನ್ನು ನನಗೆ ಒಮ್ಮೆ ತೋರಿಸಿದರು. ಇಂಥ ದುಷ್ಟ ವಸ್ತುವನ್ನು ಇಟ್ಟುಕೊಂಡು ಇವರು ಹೇಗೆ ಅನ್ನ ತಿನ್ನುತ್ತಾರೋ ಅನ್ನಿಸಿತು. ಇಟ್ಟುಕೊಂಡು, ಹೆಂಡತಿಯ ಕೈಲಿ ದಿನವೂ ಬೈಸಿಕೊಳ್ಳುತ್ತಿದ್ದರು.

ನಿಜಾಮೋದ್ದೀನ ಹೈದರಾಬಾದಿನಲ್ಲೇ ನೆಲೆಯೂರಿದ್ದ. ಹೊಟ್ಟೆ ಬೆಳೆದಿತ್ತು, ಗಡ್ಡಕ್ಕೆ ಮೆಹೆಂದಿ ಬಂದಿತ್ತು. ಎಷ್ಟೋ ವರ್ಷಗಳ ಮೇಲೆ ಒಂದು ಬಕ್ರೀದಿಗೆ ಅಕ್ಕನ ಮನೆಗೆ ಬಂದ. ಫಕ್ರುನ್ನಿಸಾ ಅವರ ಸಂಭ್ರಮ ಹೇಳತೀರದು. ನನ್ನನ್ನೂ ಮಧ್ಯಾಹ್ನದ ಊಟಕ್ಕೆ ಕರೆದಿದ್ದರು. ಮಾಂಸ ತಿನ್ನದ ನನಗೆಂದು ಬೇರೆ ಪಾತ್ರೆಯಲ್ಲಿ ಶ್ಯಾವಿಗೆ ಮಾಡಿದ್ದರು. ತಮ್ಮನ ತಟ್ಟೆಗೆ ಬಡಿಸಿದ್ದೇ ಬಡಿಸಿದ್ದು.

ಮಾತು ಅಪ್ಪನ ಕಡೆ ತಿರುಗಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ನಿಜಾಮೋದ್ದೀನ ಎಲುಬು ಚೀಪುವುದನ್ನು ನಿಲ್ಲಿಸಿ ನಿಟ್ಟುಸಿರು ಬಿಟ್ಟ. ಅವರ ಮನೆಮಾತು ದಖನಿ ಉರ್ದು. ಆದರೆ ನನಗೂ ತಿಳಿಯಲಿ ಎಂದೋ ಏನೋ ಕನ್ನಡದಲ್ಲೇ ಹೇಳಿದ.

“ಭಾಯಿ ಅವತ್ತ ಹೊತ್ತಿಗಿ ಸರಿ ಮುಟ್ಟಿದ್ರ ಅಬ್ಬಾ ಉಳಿತಿದ್ರು.”

ಉಸ್ಮಾನ ಮಿಯಾ ಕಲಸುತ್ತಿದ್ದ ಅನ್ನವನ್ನು ಅಲ್ಲೇ ಬಿಟ್ಟರು. ಎದ್ದರು, ಕೈ ತೊಳೆದರು, ಗ್ಯಾರೇಜಿಗೆ ಹೋದರು. ತಿರುಗಿ ಬಂದು ಅರಿವೆ ಬಿಚ್ಚಿ ಗುಂಬವನ್ನು ಅವನ ತಟ್ಟೆಯ ಪಕ್ಕಕ್ಕೆ ಇಟ್ಟರು. ಒಳಗೆ ಬೆರಳು ಹಾಕಿ ನೋಡು ಎಂದರು. ದನಿ ಏರಿರಲಿಲ್ಲ.

ನಿಜಾಮೋದ್ದೀನ ಮುಟ್ಟಲಿಲ್ಲ. ಮುಟ್ಟಿದವರು ಫಕ್ರುನ್ನಿಸಾ. ಮದುವೆಗೆ ಮುಂಚೆ ಅದೇ ಹೆಬ್ಬೆರಳಿನ ಕಲೆಗಳನ್ನು ತಮ್ಮನ ಅಂಗಿಗಳಿಂದ ತಿಕ್ಕಿ ತಿಕ್ಕಿ ತೆಗೆದ ಕೈ ಅದು. ಹೊರಗಿನ ಗುರುತನ್ನು, ಅದರ ಅಡ್ಡ ಗೀರನ್ನು ಸವರಿದರು. ಒಳಗೆ ಬೆರಳು ಹಾಕಿದರು. ಮೆಕ್ಯಾನಿಕನ ಹೆಂಡತಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕೆಂಪು ಪುಡಿ ಹತ್ತಿದ ಬೆರಳನ್ನು ತಮ್ಮನ ಮುಖದ ಮುಂದೆ ಹಿಡಿದು, ಒಳಗೆ ಹಚ್ಚಿದ್ದೆಯಾ ಎಂದು ಕೇಳಿದರು.

“ಒಂದ್ಸಲ ಹೋಗಿ ಬರೂವಷ್ಟು ತಡಿತದ ಅನ್ಕೊಂಡಿದ್ದೆ ಆಪಾ,” ಎಂದ ಅವನು.

ಆಕೆ ಅವನ ಮುಂದಿನ ತಟ್ಟೆಯನ್ನು ಎತ್ತಿಕೊಂಡರು. ಅರ್ಧ ಉಂಡ ತಟ್ಟೆ. ಹಬ್ಬದ ದಿನ, ಹೊಟ್ಟೆಯಲ್ಲಿ ಹುಟ್ಟಿದ ಮಗನಂತೆ ನೋಡಿಕೊಂಡಿದ್ದ ತಮ್ಮನ ತಟ್ಟೆ. ಅದನ್ನು ಒಳಗೆ ಇಟ್ಟು ಬಂದು ಬಾಗಿಲಲ್ಲಿ ನಿಂತರು. ನಿಜಾಮೋದ್ದೀನ ಚಪ್ಪಲಿ ಹುಡುಕಿಕೊಂಡು ಹೊರಟುಹೋದ. ಆಕೆ ತಿರುಗಿಯೂ ನೋಡಲಿಲ್ಲ.

ಸರಿ, ಕೊನೆಗೂ ನ್ಯಾಯವಾಯಿತು ಎಂದು ನನ್ನ ಗುಮಾಸ್ತ ಬುದ್ಧಿಗೆ ಅನ್ನಿಸಿತು. ಇನ್ನು ಈ ಮನುಷ್ಯನಿಗೆ ಹೊತ್ತು ಮೀರಿದ್ದಕ್ಕೆ ಬೈಗುಳ ಇಲ್ಲ, ಬಿಸಿ ಅನ್ನ ಸಿಗುತ್ತದೆ ಎಂದುಕೊಂಡೆ. ಉಸ್ಮಾನ ಮಿಯಾ ಗುಂಬವನ್ನು ಮತ್ತೆ ಅರಿವೆಯಲ್ಲಿ ಸುತ್ತಲು ಹೋದರು. ಫಕ್ರುನ್ನಿಸಾ ಅದನ್ನು ಅವರ ಕೈಯಿಂದ ಕಿತ್ತುಕೊಂಡರು. ಇದು ಯಾವಾಗಿನಿಂದ ಮನೆಯಲ್ಲಿದೆ ಎಂದು ಕೇಳಿದರು.

“ಅಂವ ಒಂದಿನ ಮೋಸ ಮಾಡಿದ,” ಎಂದರು ಆಕೆ. “ನೀವು ನನ್ನ ಸಂಗಟ ಇಷ್ಟು ವರ್ಷ ಉಂಡು, ಮಲಗಿ ಮಾಡಿದ್ರಿ. ನಾ ಬೈಬಾರದವರಿಗಿ ಬೈದೆ, ಉಣಸಬಾರದವಗ ಉಣಸಿದೆ. ನಮ್ಮಪ್ಪ ಹ್ಯಾಂಗ ಸತ್ತ ಅಂತ ನನ್ನ ಬಿಟ್ಟು ಎಲ್ಲರಿಗೂ ಗೊತ್ತದ.”

ಹಾಗೆ ಹೇಳುವಾಗ ಆಕೆ ನನ್ನ ಕಡೆಗೂ ನೋಡಿದರು. ನಾನು ಕೈ ತೊಳೆಯಲು ಎದ್ದೆ.