ಬಾಂದುಕಲ್ಲು ಹೊತ್ತದ್ದು

ನಲವತ್ತು ವರ್ಷ ತಗಡಿನ ಶೆಡ್ಡಿನಲ್ಲಿ ಬಾಳ್ವೆ ಮಾಡಿದವಳು ನಾನು. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಅತ್ತೆ ಇದ್ದ ಮನೆಯಲ್ಲಿ ಅದೂ ಒಂದು ಸುಖವೇ.

ಎರಡು ವರ್ಷದ ಹಿಂದೆ ಮಗ ಕಬ್ಬಿನ ಹೊಲದಲ್ಲೇ, ಬಾವಿಯ ಪಕ್ಕ, ಸ್ಲ್ಯಾಬಿನ ಮನೆ ಕಟ್ಟುತ್ತೇನೆಂದು ಹೊರಟ. ಹೊಲ ಅಳೆಸಿ ನಕಾಶೆ ತಂದರೇ ಪರವಾನಗಿ ಎಂದರು ಪಂಚಾಯಿತಿಯವರು. ಅಥಣಿಗೆ ಆರು ಸಲ ಅಲೆದ ಮೇಲೆ ಸರ್ವೇಯರ್ ಬಂದ. ಮೂರು ಮೂಲೆಯಲ್ಲಿ ಗಡಿಯ ಬಾಂದುಕಲ್ಲು ಸಿಕ್ಕಿತು. ಬಾವಿಯ ಕಡೆಯದು ಇಲ್ಲ.

ಬಾಜೂ ಹೊಲದವನು ಸಂಬಂಧದಲ್ಲಿ ನನಗೆ ಮೈದುನ. ಕೈಕಟ್ಟಿ ನಿಂತಿದ್ದ. “ನಿಮ್ಮ ಮನಿ ನನ್ನ ಹೊಲದಾಗ ಬರತೈತಿ, ವೈನಿ.”

“ಬರ್ಲಿ ಬಿಡು. ಪುಕ್ಕಟ ಚಾ ಕುಡಿಯಾಕ ನಿನಗ ಸಮೀಪ ಆಕ್ಕೈತಿ.”

ಸರ್ವೇಯರ್ ನಗಲಿಲ್ಲ. “ಕಲ್ಲ ಸಿಗಲಿಲ್ಲಂದ್ರ ತಕರಾರ ಐತಿ ಅಂತ ಬರೀತೇನ್ರಿ. ಪರವಾನಗಿ ಸಿಗೂದಿಲ್ಲ.”

ಕಲ್ಲು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಎಳ್ಳಮಾವಾಸ್ಯೆಗೆ ನಾವು ಹೊಲದ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುತ್ತೇವೆ. ನಾನು ಮದುವೆಯಾಗಿ ಬಂದ ವರ್ಷ ಒಂದು ಕಲ್ಲು ಒಡೆದಿತ್ತು. ಅತ್ತೆ ಬಾವಿಯ ಕಡೆಯ ಮೂಲೆಯಲ್ಲಿದ್ದ ನೆಟ್ಟನೆಯ ಕಲ್ಲನ್ನು ಹಾರೆಯಿಂದ ಮೀಟಿದಳು. ಕುಣಿಯ ತುಂಬ ಇದ್ದಿಲು. ಇಬ್ಬರ ಕೈಯೂ ಕರ್ರಗಾಯಿತು. “ಭೀಮಾ ಅದಾನ, ಗಟ್ಟಿ ಹಿಡೀ ಬೇ,” ಎಂದು ನನ್ನ ತಲೆಯ ಮೇಲೆ ಹೊರಿಸಿದಳು. ಕುತ್ತಿಗೆ ಎಂಟು ದಿನ ತಿರುಗಲಿಲ್ಲ. ಅತ್ತೆ ದಿನಾ ಎಣ್ಣೆ ಕಾಸಿ ತಿಕ್ಕಿದಳು. ಅವಳು ನನಗೆ ಆರೈಕೆ ಮಾಡಿದ್ದು ಅದೊಂದೇ ಸಲ. ಆ ಎಣ್ಣೆಯ ವಾಸನೆ ಈಗಲೂ ನೆನಪಿದೆ.

ಸರ್ವೇಯರನನ್ನು ಬನ್ನಿಗಿಡದ ಹತ್ತಿರ ಕರೆದೊಯ್ದೆ. ಮಗ ಕುಡಗೋಲಿನಿಂದ ಸುಣ್ಣ ಕೆರೆದ. ಕಲ್ಲಿನ ನೆತ್ತಿಯ ಮೇಲೆ ಅಳತೆಯವರು ಕೊರೆದ ಗುರುತು ಕಂಡಿತು.

“ಎವ್ವಾ, ಇಷ್ಟ ವರ್ಷ ಗಡಿಕಲ್ಲಿಗೆ ಹೋಳಿಗಿ ತಿನಸೀದೇನ?”

“ನೀನೂ ಕೈ ಮುಗದಿ, ಸುಮ್ನಿರು.”

ಮೈದುನ ಬಿಡಲಿಲ್ಲ. “ಯಾವ ಜಾಗಾದಿಂದ ತಂದ್ರಿ ಅಂತ ಯಾರಿಗೆ ಗೊತ್ತ?”

“ಹೊತ್ತಾಕಿಗೆ ಗೊತ್ತ.”

ಬಾವಿಯ ಮೆಟ್ಟಿಲಿನಿಂದ ನೆಟ್ಟಗೆ ನಡೆದು ಒಂದು ಕಡೆ ನಿಂತೆ. “ಅಗೀರಿ, ಇದ್ದಲಿ ಸಿಗತೈತಿ.” ಮೊಣಕಾಲುದ್ದ ಅಗೆದಾಗ ಸಿಕ್ಕಿತು. ಹಿಂದೆ ಗುರುತಿಗೆಂದು ಕಲ್ಲಿನ ಕೆಳಗೆ ಇದ್ದಿಲು ಹಾಕುತ್ತಿದ್ದರಂತೆ. ಸರ್ವೇಯರ್ ಅಳತೆಯ ಸರಪಳಿ ಹಿಡಿದು ನೋಡಿ ಹೌದೆಂದು ತಲೆಯಾಡಿಸಿದ. ಮೈದುನ ಕಟ್ಟಿದ್ದ ಕೈ ಬಿಟ್ಟು ತನ್ನ ಹೊಲದ ಕಡೆ ನಡೆದ.

ಕಲ್ಲು ತನ್ನ ಕುಣಿಗೆ ಹೋಯಿತು. ಪರವಾನಗಿಯೂ ಬಂತು, ಮನೆಯೂ ಆಯಿತು. ಸ್ಲ್ಯಾಬಿನ ಕೆಳಗೆ ಈಗ ಮಳೆಯಲ್ಲೂ ಎಲ್ಲರ ಮಾತು ಕೇಳಿಸುತ್ತದೆ. ಅತ್ತೆಯ ಬೈಗುಳವೊಂದೇ ಇಲ್ಲ. ಬನ್ನಿಗಿಡಕ್ಕೆ ಮಗ ಬೇರೆ ಕಲ್ಲು ತರುತ್ತೇನೆಂದ, ನಾನು ಬೇಡವೆಂದೆ. ಎಳ್ಳಮಾವಾಸ್ಯೆಗೆ ನಾಲ್ವರಿಗೆ ಅಲ್ಲಿ ಎಡೆ ಇಟ್ಟು, ಭೀಮನ ಎಡೆಯನ್ನು ಮೂಲೆಗೆ ಒಯ್ಯುತ್ತೇನೆ. ಆ ಕಲ್ಲಿಗೆ ಸುಣ್ಣವನ್ನೂ ದಪ್ಪಗೆ ಬಳಿಯುತ್ತೇನೆ. ಮೈದುನ ದೇವರಿಗೆ ಹೆದರುವವನು, ಅದನ್ನು ಕೀಳಲಾರ.